ಐಸಿಯುಗೆ ಮೊದಲು ಬೇಕಾದ್ದು ನರ್ಸ್ ಮತ್ತು ಲ್ಯಾಬ್: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ನಮಸ್ಕಾರ.

ನಾನು ಐಸಿಯುನಲ್ಲಿ ಕೆಲಸ ಮಾಡುವ ವೈದ್ಯೆ. ರೋಗಿ ನಮ್ಮಲ್ಲಿಗೆ ಬರುವುದು ಅಪಘಾತಕ್ಕೋ, ಪಾರ್ಶ್ವವಾಯುವಿಗೋ. ಅದು ಹತೋಟಿಗೆ ಬಂತು, ಮನೆಯವರಿಗೆ "ಇನ್ನು ಪರವಾಗಿಲ್ಲ" ಅನ್ನೋಣ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಜ್ವರ. ಕಫದ ಕಲ್ಚರ್ (ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್ ನೋಡಿದರೆ ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ಕೆಳಗೆ ಆಂಟಿಬಯೋಟಿಕ್‌ಗಳ ಪಟ್ಟಿ. ಒಂದೊಂದರ ಎದುರಿಗೂ 'ರೆಸಿಸ್ಟೆಂಟ್', ಅಂದರೆ ಈ ಔಷಧಿಗೆ ಬಗ್ಗುವುದಿಲ್ಲ. ತೀವ್ರ ಸೋಂಕಿಗೆ ಕೊಡುವ ಮೆರೊಪೆನೆಮ್‌ಗೂ ಅದೇ. ಎಷ್ಟೋ ಸಲ ಉಳಿಯುವುದು ಕೊಲಿಸ್ಟಿನ್ ಮಾತ್ರ. ಕಿಡ್ನಿ ಕೆಡಿಸುತ್ತದೆ ಎಂದು ಹಿಂದಿನ ವೈದ್ಯರು ಹೆಚ್ಚುಕಮ್ಮಿ ಕೈಬಿಟ್ಟಿದ್ದ ಹಳೇ ಔಷಧಿ ಅದು.

ಬರೆಯಲು ಸಂಕಟವಾಗುತ್ತದೆ, ಆದರೂ ಹೇಳಬೇಕು. ಈ ಸೋಂಕನ್ನು ರೋಗಿ ಮನೆಯಿಂದ ತಂದಿರುವುದಿಲ್ಲ. ಹೆಚ್ಚಾಗಿ ನಮ್ಮಲ್ಲೇ ಅಂಟಿಕೊಂಡಿರುತ್ತದೆ. ಮಂಚದ ಕಂಬಿಯ ಮೇಲೆ, ಮಾನಿಟರ್ ಬಟನ್ ಮೇಲೆ ಆ ಬ್ಯಾಕ್ಟೀರಿಯಾ ವಾರಗಟ್ಟಲೆ ಬದುಕಬಲ್ಲದು. ಅಲ್ಲಿಂದ ನಮ್ಮ ಕೈಗೆ, ಕೈಯಿಂದ ವೆಂಟಿಲೇಟರ್ ಟ್ಯೂಬಿಗೆ. ಟ್ಯೂಬಿನೊಳಗೆ ಲೋಳೆ ಪದರ ಕಟ್ಟಿಕೊಂಡು ಕೂತರೆ ಔಷಧಿ ಸರಿಯಾಗಿ ತಾಗುವುದೇ ಇಲ್ಲ.

'ಕೈ ತೊಳೆಯಿರಿ' ಎಂದು ಗೋಡೆಗೆ ಅಂಟಿಸಿದರೆ ಸಾಲದು, ಅಲ್ವಾ? ಒಬ್ಬರೇ ನರ್ಸ್ ಮೂರ್ನಾಲ್ಕು ವೆಂಟಿಲೇಟರ್ ರೋಗಿಗಳನ್ನು ನೋಡುತ್ತಿರುವಾಗ ಒಬ್ಬರ ಬಿಪಿ ಕುಸಿದರೆ ಓಡಲೇಬೇಕು. ಆ ಓಟದಲ್ಲಿ ತಪ್ಪಿಹೋಗುವುದು ಕೈ ಉಜ್ಜಿಕೊಳ್ಳುವ ಅರ್ಧ ನಿಮಿಷ. ನಾನೂ ಹಾಗೆ ಓಡಿದ್ದೇನೆ. ಅದನ್ನು ಅಸಡ್ಡೆ ಅನ್ನಬೇಡಿ.

ಇನ್ನು ಲ್ಯಾಬ್. ಕಲ್ಚರ್‌ಗೆ ಹೇಗೂ ಎರಡು ಮೂರು ದಿನ ಬೇಕು. ಶನಿವಾರ ರಾತ್ರಿಯ ಸ್ಯಾಂಪಲ್ ಸೋಮವಾರದವರೆಗೆ ಸುಮ್ನೆ ಕಾದರೆ ರಿಪೋರ್ಟ್ ಬರುವುದು ಬುಧವಾರ. ಅಲ್ಲಿಯವರೆಗೆ ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಿಲ್ಲದೆ ದೊಡ್ಡ ಔಷಧಿಯನ್ನೇ ಕೊಡುತ್ತೇವೆ. ನಿಲ್ಲಿಸಲು ಧೈರ್ಯ ಬರುವುದಿಲ್ಲ. ಆ ಔಷಧಿಗೆ ಸಾಯದ ಬ್ಯಾಕ್ಟೀರಿಯಾಗಳಷ್ಟೇ ಉಳಿದು ಬೆಳೆಯುತ್ತವೆ.

2019ರಲ್ಲಿ ಜಗತ್ತಿನ ಸುಮಾರು 49.5 ಲಕ್ಷ ಸಾವುಗಳಲ್ಲಿ ಔಷಧಿಗೆ ಬಗ್ಗದ ಸೋಂಕಿನ ಪಾಲಿತ್ತು ಎಂಬ ಅಂದಾಜಿದೆ. ಇಂಥ ಸಾವುಗಳನ್ನು 2030ರೊಳಗೆ ಶೇ 10ರಷ್ಟು ತಗ್ಗಿಸುವುದಾಗಿ 2024ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳು ಮಾತು ಕೊಟ್ಟಿವೆ.

ಹೊಸ ಔಷಧಿ ಬರಲಿ, ಬೇಕು. ಅದಕ್ಕೂ ಮೊದಲು ವೆಂಟಿಲೇಟರ್‌ನಲ್ಲಿರುವ ಪ್ರತಿ ರೋಗಿಗೂ ಒಬ್ಬ ನರ್ಸ್ ಕೊಡಿ. ಭಾನುವಾರವೂ ಕಲ್ಚರ್ ಲ್ಯಾಬ್ ನಡೆಯುವಂತೆ ಮಾಡಿ. ಪ್ರತಿ ಐಸಿಯುನಲ್ಲೂ ತಿಂಗಳಿಗೆ ಎಷ್ಟು ಜನರಿಗೆ ಹೀಗೆ ಸೋಂಕು ತಗಲಿತು ಎಂದು ಲೆಕ್ಕ ಕೇಳಿ, ಜನರ ಮುಂದಿಡಿ. ಜಾಸ್ತಿ ಬಂದ ಕಡೆ ನೋಟಿಸ್ ಕಳಿಸಬೇಡಿ, ಜನ ಕಳಿಸಿ. ನೋಟಿಸ್ ಬರುತ್ತದೆ ಅಂದರೆ ಯಾರೂ ನಿಜ ಬರೆಯುವುದಿಲ್ಲ.

ಇತಿ,
ಐಸಿಯು ವೈದ್ಯೆ