ಮೆಂಫಿಸ್‌ನಿಂದ ಅಪ್ಪನಿಗೆ

ಮೆಂಫಿಸ್, ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಮೊನ್ನೆ ಮುಗಿಯಿತು, ಡಬ್ಬಿ ತೊಳೆಯಲು ಮನಸ್ಸಾಗಿಲ್ಲ.

ಹೆಗ್ಗೋಡಿನಲ್ಲಿ ನಾಟಕ ನೋಡಿ ಬರುವಾಗಲೆಲ್ಲ ನೀವು ಹೇಳುತ್ತಿದ್ದ ಅಮೆರಿಕದ ನಾಟಕಕಾರ ಟೆನೆಸ್ಸಿ ವಿಲಿಯಮ್ಸ್‌ನ ನಾಟಕ ‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’ ನೆನಪಿದೆಯೇ? ಅದರ 1958ರ ಸಿನಿಮಾವನ್ನು ಕಡೆಗೂ ನೋಡಿದೆ. ಆತ ಬಾಲ್ಯದ ಕೆಲವು ವರ್ಷ ಕಳೆದ ಕ್ಲಾರ್ಕ್ಸ್‌ಡೇಲ್ ಇಲ್ಲಿಂದ ದಕ್ಷಿಣಕ್ಕೆ, 61ನೇ ಹೆದ್ದಾರಿಯಲ್ಲಿ. ಹತ್ತಿ ಬೆಳೆಯುವ ಆ ನೆಲದ್ದೇ ಕಥೆ. ಆಸೆಯಿಂದ ಕುಳಿತೆ, ಪೆಚ್ಚಾಗಿ ಎದ್ದೆ.

ನಟರನ್ನು ದೂರುವಂತಿಲ್ಲ. ಬ್ರಿಕ್ ಆಗಿ ಪಾಲ್ ನ್ಯೂಮನ್, ಅವನ ಹೆಂಡತಿಯಾಗಿ ಎಲಿಜಬೆತ್ ಟೇಲರ್ ಇದ್ದಾರೆ. ಬ್ರಿಕ್‌ನ ಅಪ್ಪ ‘ಬಿಗ್ ಡ್ಯಾಡಿ’ಯಾಗಿ ರಂಗದ ಮೇಲೂ ನಟಿಸಿದ್ದ ಬರ್ಲ್ ಐವ್ಸ್ ಅಂತೂ ಬಾಗಿಲಲ್ಲಿ ನಿಂತರೆ ಮನೆಯೇ ಕಿರಿದಾಗುತ್ತದೆ. ಕೆಟ್ಟಿರುವುದು ಬೇರೆ ಕಡೆ. ನಾಟಕವಿಡೀ ನಡೆಯುವುದು ಒಂದು ಮಲಗುವ ಕೋಣೆಯಲ್ಲಿ. ಹಿಂದೆ ಬೇರೆ ಇಬ್ಬರು ಗಂಡಸರು ಜೊತೆಯಾಗಿ ಬಾಳಿದ ಕೋಣೆ ಅದು. ಸತ್ತುಹೋದ ಗೆಳೆಯನ ಮೇಲೆ ಬ್ರಿಕ್‌ಗಿದ್ದ ಪ್ರೀತಿ ಎಂಥದ್ದು ಎಂಬ ಪ್ರಶ್ನೆಯನ್ನು ಆ ಗೋಡೆಗಳೇ ಕೇಳುತ್ತಿರುತ್ತವೆ. ಆ ಮಾತನ್ನು ಬಾಯಿಬಿಟ್ಟು ಹೇಳಲು ಹಾಲಿವುಡ್‌ನ ಅಂದಿನ ನೀತಿಸಂಹಿತೆ ಬಿಡಲಿಲ್ಲ. ಹಾಗಾಗಿ ಅವನು ಯಾಕಿಷ್ಟು ಕುಡಿಯುತ್ತಾನೆ, ಅಂಥ ಹೆಂಡತಿಯನ್ನು ಯಾಕೆ ಹತ್ತಿರ ಸೇರಿಸುವುದಿಲ್ಲ ಎಂಬುದು ಸಿನಿಮಾದಲ್ಲಿ ಬಗೆಹರಿಯುವುದೇ ಇಲ್ಲ. ಹೂರಣ ತೆಗೆದ ಹೋಳಿಗೆ. ಬದಲಿಗೆ ಅಪ್ಪ-ಮಗ ಇಬ್ಬರನ್ನೂ ನೆಲಮಾಳಿಗೆಗೆ ಇಳಿಸಿ, ಅಲ್ಲಿ ಪೇರಿಸಿಟ್ಟ ಸಾಮಾನು ಒಡೆಸಿ, ಅಳಿಸಿ, ರಾಜಿ ಮಾಡಿಸುತ್ತಾರೆ. ಕೊನೆಗೆ ಬ್ರಿಕ್ ಒಂದು ದಿಂಬನ್ನು ಮಂಚದ ಮೇಲೆ ಎಸೆಯುತ್ತಾನೆ. ದಿಂಬು ಬಿದ್ದಲ್ಲಿಗೆ ದಾಂಪತ್ಯ ಸರಿಹೋಯಿತಂತೆ! ವಿಲಿಯಮ್ಸ್‌ಗೇ ಈ ಸಿನಿಮಾ ಹಿಡಿಸಿರಲಿಲ್ಲ.

ಆದರೆ ಒಂದು ಕಡೆ ನಿಲ್ಲಿಸಿ ಎದ್ದುಹೋಗಿ ನೀರು ಕುಡಿದು ಬಂದೆ. ಬಿಗ್ ಡ್ಯಾಡಿಗೆ ಕ್ಯಾನ್ಸರ್. ಮನೆಯವರು ಮಾತ್ರ ಕರುಳಿನ ಸೆಳೆತವಷ್ಟೇ ಎಂದು ನಂಬಿಸಿದ್ದಾರೆ. ಮುದುಕ ಬದುಕಿದೆ ಎಂದು ಹಿಗ್ಗುತ್ತಾನೆ. ಅಜ್ಜನಿಗೆ ನಾವು ‘ಗ್ಯಾಸ್ಟ್ರಿಕ್’ ಎಂದಿದ್ದೆವಲ್ಲ ಅಪ್ಪ. ಶಿವಮೊಗ್ಗದ ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅವರು ಕಿತ್ತಳೆ ಸುಲಿದು, ನಾರೆಲ್ಲ ಬಿಡಿಸಿ, ‘ನನಗೆ ಹುಳಿ ಆಗುವುದಿಲ್ಲವಂತೆ, ನೀನೇ ತಿನ್ನು’ ಎಂದು ತೊಳೆಗಳನ್ನು ನನ್ನ ಕೈಗಿಟ್ಟರು. ನೀವು ಕಿಟಕಿಯಾಚೆ ನೋಡುತ್ತಿದ್ದಿರಿ. ನಾನು ಅಷ್ಟನ್ನೂ ತಿಂದೆ.

ಬುಧವಾರ ನಿಮಗೆ ಸ್ಕ್ಯಾನಿಂಗ್ ಇದೆಯೆಂದು ತಮ್ಮ ಬಾಯಿ ತಪ್ಪಿ ಹೇಳಿದ. ಅಮ್ಮನನ್ನು ಕೇಳಿದರೆ ‘ಏನಿಲ್ಲ, ಸುಮ್ಮನೆ’ ಎನ್ನುತ್ತಾಳೆ. ವರದಿ ಬಂದ ದಿನವೇ ಫೋಟೋ ತೆಗೆಸಿ ಕಳುಹಿಸಿ. ಮೊದಲ ಪುಟ ಮಾತ್ರವಲ್ಲ, ಎಲ್ಲ ಪುಟಗಳನ್ನೂ.

ಇಂತಿ ನಿಮ್ಮ ಮಗಳು