ರೆಕ್ಸಿನ್‌ಗೂ ಕೊಲ್ಹಾಪುರಿ ಹೆಸರೇ?

ಮಾನ್ಯರೇ,

ಹಾಸನದ ಅಂಗಡಿಯೊಂದರಲ್ಲಿ ‘ಅಸಲಿ ಕೊಲ್ಹಾಪುರಿ’ ಎಂದು ಕೊಟ್ಟ ಚಪ್ಪಲಿ ಮೊದಲ ಮಳೆಗೇ ಬಾಯಿಬಿಟ್ಟಿತು. ಮೇಲಿನ ಕಂದು ರೆಕ್ಸಿನ್ ಪೊರೆ ಸುಲಿದರೆ ಒಳಗೆ ಬಟ್ಟೆ, ರಟ್ಟು! ನಿಜವಾದ ಕೊಲ್ಹಾಪುರಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಮೊಳೆ ಹೊಡೆಯದೆ ತೊಗಲಿನ ಎಳೆಯಲ್ಲೇ ಅಟ್ಟೆ ಹೊಲಿಯುತ್ತಾರೆ. ಹೊಸತರಲ್ಲಿ ಕಾಲು ಕಚ್ಚುತ್ತದೆ, ಎಣ್ಣೆ ಸವರಿದರೆ ಪಳಗುತ್ತದೆ. ನನ್ನದು ಕಚ್ಚಲೇ ಇಲ್ಲ, ಆಗಲೇ ಅನುಮಾನ ಬರಬೇಕಿತ್ತು.

ಹೆಸರು ಕೊಲ್ಹಾಪುರದ್ದಾದರೂ ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳ ಕೈಯೂ ಇದರಲ್ಲಿದೆ. ಮೂಲ ಊರಿನ ಹೆಸರಿಗೆ ರಕ್ಷಣೆ ಕೊಡುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ 2019ರಲ್ಲಿ ಸಿಕ್ಕಿತು; ಅದರಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮೂಲ ಹೇಳದೆ ಇದೇ ಮಾದರಿಯ ಚಪ್ಪಲಿ ಪ್ರದರ್ಶಿಸಿದಾಗ ನಾವೆಲ್ಲ ಕೂಗೆಬ್ಬಿಸಿದೆವು. ನಮ್ಮ ಪೇಟೆಯ ನಕಲಿಯನ್ನು ಮಾತ್ರ ಕೇಳುವವರಿಲ್ಲ.

ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಊರಿಗೆ ಜನಸಾಗರವೇ ಬರುತ್ತದೆ. ಆಗ ರಾಜ್ಯದ ಚರ್ಮ ಕೈಗಾರಿಕೆ ನಿಗಮವಾದ ಲಿಡ್ಕರ್ ಇಲ್ಲೊಂದು ಮಳಿಗೆ ಹಾಕಿ, ಅಥಣಿಯ ಕಸುಬುದಾರರನ್ನೇ ಕರೆಸಿ ಕೂರಿಸಲಿ. ಹೊಲಿಯುವುದನ್ನು ಕಣ್ಣಾರೆ ಕಂಡೇ ಜನ ಕೊಳ್ಳಲಿ.

– ಒಬ್ಬ ಓದುಗ, ಹಾಸನ