ಬಾವಿ ಯಾರದ್ದು?

ಪ್ರೀತಿಯ ಮಗಳಿಗೆ,

ಓಟು ಹಾಕಲಿಕ್ಕೆ ಊರಿಗೆ ಯಾಕೆ ಬರಲಿಲ್ಲ ಅಂತ ಮೊನ್ನೆ ಕೇಳಿದ್ದಕ್ಕೆ, "ನನ್ನ ಪಾಡಿಗೆ ನಾನಿದ್ದೇನಪ್ಪ, ಟ್ಯಾಕ್ಸ್ ಕಟ್ತೇನೆ, ಯಾರ ಸುದ್ದಿಗೂ ಹೋಗುದಿಲ್ಲ. ಇನ್ನೆಂತ ಬೇಕು?" ಅಂದೆಯಲ್ಲ. ಸಿಟ್ಟು ಬರಲಿಲ್ಲ ಮಾರಾಯ್ತಿ. ಆದರೆ ಉತ್ತರವೂ ಹೊಳೆಯಲಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಬಿ.ಎ. ಪುಸ್ತಕಗಳು ಇನ್ನೂ ಅಟ್ಟದಲ್ಲೇ ಉಂಟು. ತೋಕ್ವಿಲ್‌ನ ಪಾಠಕ್ಕೆ ನೀನೇ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೀ. 1831ರಲ್ಲಿ, 25ರ ಪ್ರಾಯದಲ್ಲಿ, ಜೈಲುಗಳನ್ನು ನೋಡಿ ವರದಿ ಮಾಡಲು ಅಮೆರಿಕಕ್ಕೆ ಹೋದ ಫ್ರೆಂಚಿನವ, ಒಂಬತ್ತು ತಿಂಗಳು ತಿರುಗಿ ಅಲ್ಲಿನ ಪ್ರಜಾಪ್ರಭುತ್ವವನ್ನೇ ಓದಿಕೊಂಡು ಬಂದ. ಸ್ವಾರ್ಥ ಕುರುಡು, ವ್ಯಕ್ತಿವಾದ ಹಾಗಲ್ಲ ಎನ್ನುತ್ತಾನೆ. ಅದು ಶಾಂತವಾಗಿ, ಯೋಚಿಸಿಯೇ ಹುಟ್ಟುವ ಭಾವನೆ. ಮನೆಯವರು, ನಾಲ್ಕು ಸ್ನೇಹಿತರು, ಇಷ್ಟನ್ನು ಕಟ್ಟಿಕೊಂಡು ಉಳಿದ ಸಮಾಜವನ್ನು ಅದರಷ್ಟಕ್ಕೆ ಬಿಡುವುದು. ಜನ ತನ್ನನ್ನು ಪ್ರೀತಿಸದಿದ್ದರೂ ಸರ್ವಾಧಿಕಾರಿಗೆ ಬೇಜಾರಿಲ್ಲ, ಅವರು ಒಬ್ಬರನ್ನೊಬ್ಬರು ಪ್ರೀತಿಸದಿದ್ದರೆ ಸಾಕು ಎಂದವನೂ ಅವನೇ. ಆ ಸಾಲಿಗೆ ಮಾತ್ರ ನಿನ್ನ ಗೆರೆ ಇಲ್ಲ.

ನಮ್ಮ ಕ್ರಾಸಿನ ಬಾವಿ ನೆನಪುಂಟಲ್ಲ? ಈ ಬೇಸಿಗೆಯಲ್ಲಿ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ಹೊಳೆಯ ನೀರು ಇಳಿದು ನಲ್ಲಿ ಎರಡು ದಿನಕ್ಕೊಮ್ಮೆ ಬರತೊಡಗಿದಾಗ, ಬಾವಿಯ ಹೂಳು ತೆಗೆಸುವ ಅಂತ ಆದಿತ್ಯವಾರ ನಮ್ಮ ಅಂಗಳದಲ್ಲಿ ಮೀಟಿಂಗ್ ಕರೆದೆ. 30 ಕುರ್ಚಿ ತಂದಿದ್ದೆ, ಬಂದದ್ದು ಆರು ಜನ. ಅಮ್ಮ ಮಾಡಿದ ಅವಲಕ್ಕಿ ಎರಡು ದಿನ ನಾವೇ ತಿಂದೆವು. ನಾನು ಮಾತಾಡುತ್ತಿದ್ದ ಹಾಗೆಯೇ ಗೇಟಿನ ಮುಂದೆ ಟ್ಯಾಂಕರ್ ಹಾದುಹೋಯಿತು, ಎದುರು ಮನೆಯವರದ್ದು. ಆಮೇಲೆ ಬಾವಿ ಇಣುಕಿದೆ. ರಾಟೆಗೆ ತುಕ್ಕು, ಕೆಳಗೆ ಪಾಚಿಗಟ್ಟಿದ ನೀರಿನಲ್ಲಿ ಒಂದು ಮಿನರಲ್ ವಾಟರ್ ಬಾಟ್ಲಿ ತೇಲುತ್ತಿತ್ತು.

ಟ್ಯಾಂಕರ್ ತರಿಸಿದವರು ತಪ್ಪು ಮಾಡಿದರು ಎನ್ನುವುದಿಲ್ಲ, ನಾನೂ ಎರಡು ಸಲ ತರಿಸಿದ್ದೇನೆ. ಆದರೆ ದುಡ್ಡಿದ್ದವರ ಮನೆಗೆ ನೀರು ಬಂದದ್ದೇ, ನೀರು ಊರಿನ ವಿಷಯವಾಗಿ ಉಳಿಯಲಿಲ್ಲ. ತುದಿಯ ಲೈನ್ ಮನೆಯ ಹೆಂಗಸರು ಕೊಡಪಾನ ಹಿಡಿದು ಎಲ್ಲಿಗೆ ಹೋಗುತ್ತಾರೆಂದು ಕೇಳುವವರಿಲ್ಲ.

ಹಿಂದಿನ ಕಾಲವೇ ಚಂದ ಅಂತ ಅಪ್ಪ ಶುರು ಮಾಡಿದರು ಅಂದುಕೊಳ್ಳಬೇಡ. ಪಿಗ್ಮಿ, ಅಂದರೆ ಬ್ಯಾಂಕಿನ ದಿನದ ಉಳಿತಾಯದ ದುಡ್ಡಿನ ಕಲೆಕ್ಷನ್ನಿಗೆ ಮನೆಮನೆ ತಿರುಗಿದವನು ನಾನು. ಕೆಲವು ಜಗಲಿಗಳಲ್ಲಿ ನನ್ನ ಚಾಯದ ಲೋಟ ಬೇರೆಯೇ ಇತ್ತು, ಕುಡಿದು ನಾನೇ ತೊಳೆದು ಕವುಚಿ ಹಾಕಬೇಕಿತ್ತು. ಸಂವಿಧಾನದ ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ಘಟಕವಾಗಿ ಇಟ್ಟುಕೊಂಡದ್ದಕ್ಕೆ ಸಂತೋಷ ಎಂದು ಅಂಬೇಡ್ಕರರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹೇಳಿದ್ದು ಯಾಕೆಂದು ನನಗೆ ಆ ಲೋಟದಿಂದಲೇ ಗೊತ್ತು. ನೀನು ಬೇಕಾದ್ದು ಓದಿ, ಬೇಕಾದ ಕೆಲಸ ಹಿಡಿದು, ಬೇಕಾದವನನ್ನು ಮದುವೆಯಾದದ್ದೂ ಅದರಿಂದಲೇ. ಮರುವರ್ಷ ಅವರೇ ಇನ್ನೊಂದು ಮಾತೂ ಹೇಳಿದರು: ಬಂಧುತ್ವ ಇಲ್ಲದಿದ್ದರೆ ಸ್ವಾತಂತ್ರ್ಯ, ಸಮಾನತೆ ಎಲ್ಲ ಬರೇ ಮೇಲಿನ ಬಣ್ಣ ಅಂತ. ನಾವು ಮೊದಲನೆಯದ್ದನ್ನು ಇಟ್ಟುಕೊಂಡು ಎರಡನೆಯದ್ದನ್ನು ಬಿಟ್ಟೆವೋ ಏನೋ.

ಪಿಗ್ಮಿಯೂ ಹಾಗೆಯೇ ನೋಡು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಇದೇ ಉಡುಪಿಯಲ್ಲಿ ಶುರು ಮಾಡಿದ್ದು, ದಿನಕ್ಕೆ ಎರಡಾಣೆ. ಪಾಸ್‌ಬುಕ್ ಒಬ್ಬೊಬ್ಬರದ್ದು, ಹೆಸರು ಒಬ್ಬೊಬ್ಬರದ್ದು. ಆದರೆ ಮೀನು ಮಾರುವ ಹೆಂಗಸಿನ ಎರಡಾಣೆಯೂ ಸೇರಿದ್ದಕ್ಕೇ ಇನ್ಯಾರಿಗೋ ಸಾಲ ಸಿಕ್ಕಿದ್ದು.

ಬಾವಿಯ ಫೋಟೋ ನಾಲ್ಕು ವಾಟ್ಸಾಪ್ ಮಾಡಿದ್ದೇನೆ. ಹೂಳೆತ್ತಿಸಿ ಕೊಡಿ ಎಂದು ವಾರ್ಡ್ ಸದಸ್ಯರಿಗೆ ಅರ್ಜಿ ಕೊಡಲಿಕ್ಕುಂಟು. ನನ್ನ ಅಕ್ಷರ ನಿನಗೆ ಗೊತ್ತಲ್ಲ, ನೀನೇ ಟೈಪ್ ಮಾಡಿ ಕಳಿಸು. ಲೈನ್ ಮನೆಯವರ ವಿಷಯ ಮೊದಲು ಬರಲಿ. ಸಹಿಗೆ ಜಾಗ ಜಾಸ್ತಿ ಬಿಡು, ಎದುರು ಮನೆಗೂ ಹೋಗುವವನಿದ್ದೇನೆ.

ಇಂತು,
ಅಪ್ಪ